ಅಂಚೆಚೀಟಿ ಸಂಘಗಳ ಪದಾಧಿಕಾರಿಗಳಿಗೆ: ನಿಮ್ಮ ಸಂಘದ ಇತಿಹಾಸ ರದ್ದಿ ಅಂಗಡಿಗೆ ಹೋಗದಿರಲಿ

ಗೆ,
ಭಾರತೀಯ ಅಂಚೆಚೀಟಿಗಳ ವಿಶೇಷ ಅಧ್ಯಯನದಲ್ಲಿ ತೊಡಗಿರುವ ಸಂಘಗಳ ಅಧ್ಯಕ್ಷರು, ಕಾರ್ಯದರ್ಶಿಗಳು ಹಾಗೂ ಕಾರ್ಯಕಾರಿ ಸಮಿತಿಯ ಸದಸ್ಯರಿಗೆ

ವಿಷಯ: ಸಂಘಗಳ ನಡಾವಳಿ ಪುಸ್ತಕ, ಹಳೆಯ ಸಂಚಿಕೆ ಮತ್ತು ಪತ್ರವ್ಯವಹಾರಗಳ ಸಂರಕ್ಷಣೆ

ಮಾನ್ಯರೇ,

ಭಾರತದ ಹಳೆಯ ಅಂಚೆಚೀಟಿಗಳ ಬಗ್ಗೆ ಇವತ್ತು ನಮಗೆ ಗೊತ್ತಿರುವುದರಲ್ಲಿ ಬಹುಪಾಲನ್ನು ಕಂಡುಹಿಡಿದವರು ನಿಮ್ಮಂಥ ಸಂಘಗಳ ಸದಸ್ಯರು. ಕಚೇರಿ ಮುಗಿಸಿ ಬಂದ ಮೇಲೆ, ರಜೆಯ ದಿನಗಳಲ್ಲಿ, ಭೂತಗನ್ನಡಿ ಹಿಡಿದು ಕೂತು, ಪರಸ್ಪರ ಕಾಗದ ಬರೆದುಕೊಂಡು, ಸಂಘದ ಸಣ್ಣ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ ಅವರು ಈ ಜ್ಞಾನವನ್ನು ಕಟ್ಟಿದರು. ಅವರು ಕಟ್ಟಿದ್ದರ ದಾಖಲೆ ನಮ್ಮ ಕಣ್ಣೆದುರೇ ಕಳೆದುಹೋಗುತ್ತಿದೆ. ಅದನ್ನು ಉಳಿಸಿಕೊಳ್ಳಿ ಎಂದು ಕೇಳುವುದಕ್ಕಾಗಿಯೇ ಈ ಪತ್ರ. ನಾನೂ ಇಂಥ ಸಂಘಗಳಿಗೆ ಚಂದಾ ಕಟ್ಟುವವನು, ನಿಮ್ಮ ಸಂಚಿಕೆಗಳನ್ನು ಕಾದು ಓದುವವನು. ಹೊರಗಿನವನ ದೂರು ಎಂದು ಇದನ್ನು ಬದಿಗಿಡಬೇಡಿ.

ಕಣ್ಣಾರೆ ಕಂಡದ್ದನ್ನು ಮೊದಲು ಹೇಳುತ್ತೇನೆ. ಒಂದು ಸಂಘದ ಕಾರ್ಯದರ್ಶಿಯಾಗಿ ಬಹಳ ವರ್ಷ ದುಡಿದ ಹಿರಿಯರೊಬ್ಬರು ತೀರಿಕೊಂಡರು. ಸಂಘದ ಹೆಸರು, ಅವರ ಹೆಸರು ಇಲ್ಲಿ ಬೇಡ. ಆ ಸಂಘಕ್ಕೆ ಸ್ವಂತ ಕೊಠಡಿ ಯಾವತ್ತೂ ಇರಲಿಲ್ಲ. ಕಾರ್ಯದರ್ಶಿಯ ಮನೆಯ ಕಬ್ಬಿಣದ ಬೀರುವೇ ಅದರ ಕಚೇರಿ. ಅವರು ಹೋದ ಕೆಲವೇ ವಾರಗಳಲ್ಲಿ ಅಂಚೆಚೀಟಿ ಸಂಗ್ರಹ ಹರಾಜಿನವರ ಕೈ ಸೇರಿತು. ಅದಕ್ಕೆ ಬೆಲೆ ಇತ್ತು, ಕೊಳ್ಳುವವರಿದ್ದರು. ಬೀರುವಿನ ಕೆಳಗಿನ ಎರಡು ಅರೆಗಳಲ್ಲಿದ್ದ ಕಾಗದಪತ್ರಗಳನ್ನು ಏನು ಮಾಡುವುದೆಂದು ಮನೆಯವರು ಸಂಘಕ್ಕೆ ಫೋನ್ ಮಾಡಿ ಕೇಳಿದರು. ‘ನೋಡೋಣ, ಯಾರನ್ನಾದರೂ ಕಳಿಸುತ್ತೇವೆ’ ಎಂಬ ಉತ್ತರ ಬಂತು. ಯಾರೂ ಬರಲಿಲ್ಲ. ಮನೆ ಖಾಲಿ ಮಾಡುವ ಹೊತ್ತಿಗೆ ಅದೆಲ್ಲ ತೂಕಕ್ಕೆ ಹೋಯಿತು.

ನನಗೆ ಸುದ್ದಿ ತಲುಪಿದಾಗ ಮನೆಯಲ್ಲಿ ಉಳಿದದ್ದು ಮೇಜಿನ ಡ್ರಾಯರಿನಲ್ಲಿ ಸಿಕ್ಕಿದ ಕೆಲವು ಬಿಡಿ ಹಾಳೆಗಳು ಮಾತ್ರ. ಅವುಗಳಲ್ಲಿ ಒಂದು ಎಕ್ಸ್‌ಚೇಂಜ್ ಪ್ಯಾಕೆಟ್, ಅಂದರೆ ಕೊಳ್ಳಲು ಚೀಟಿ ಅಂಟಿಸಿದ ಪುಸ್ತಕಗಳನ್ನು ಹೊತ್ತು ಸದಸ್ಯರಿಂದ ಸದಸ್ಯರಿಗೆ ಸುತ್ತುವ ಕಟ್ಟಿನ ರಿಜಿಸ್ಟರಿನಿಂದ ಕಳಚಿದ ಹಾಳೆ. ಎಡಗಡೆ ಸದಸ್ಯರ ಹೆಸರುಗಳು, ಮುಂದೆ ಪ್ಯಾಕೆಟ್ ಬಂದ ದಿನ, ಹೋದ ದಿನ, ಯಾವ ಪುಸ್ತಕದ ಯಾವ ಪುಟದಿಂದ ಏನು ತೆಗೆದುಕೊಂಡರು, ಕೊನೆಗೆ ಚಿಕ್ಕ ಸಹಿ. ಇನ್ನೊಂದು ಹಾಳೆಯಲ್ಲಿ 1854ರ ಒಂದು ಆಣೆ ಕೆಂಪು ಚೀಟಿಯ ರಾಣಿಯ ಕತ್ತಿನ ಭಾಗವನ್ನು ಯಾರೋ ಪೆನ್ಸಿಲ್‌ನಲ್ಲಿ ದೊಡ್ಡದಾಗಿ ಬರೆದಿದ್ದರು: ಒಂದರಲ್ಲಿ ಎದೆಯ ತುದಿ ಚೂಪು, ಇನ್ನೊಂದರಲ್ಲಿ ದುಂಡು. ಮೊದಲ ಡೈ (ಚಿತ್ರ ಕೆತ್ತಿದ ಮೂಲ ಅಚ್ಚು) ಮತ್ತು ಎರಡನೆಯ ಡೈಗಳನ್ನು ಬೇರ್ಪಡಿಸುವ ಗುರುತು ಅದು. ಪಕ್ಕದಲ್ಲಿ, ತಾನು ನೋಡಿದ ಪ್ರತಿಗಳಲ್ಲಿ ಯಾವುದು ಯಾರ ಬಳಿ ಇದೆ ಎಂಬ ಟಿಪ್ಪಣಿ. ಹಾಳೆಯ ಕೆಳಗೆ ‘ಮುಂದಿನ ಪುಟ ನೋಡಿ’ ಎಂದಿದೆ. ಆ ಮುಂದಿನ ಪುಟ ಎಂದೋ ಕರಗಿ ರಟ್ಟಾಗಿದೆ.

ಇದು ಒಂದೇ ಮನೆಯ ಕತೆಯಾಗಿದ್ದರೆ ನಾನು ಬಹಿರಂಗವಾಗಿ ಬರೆಯುತ್ತಿರಲಿಲ್ಲ. ಬೇರೊಂದು ಸಂಘದಲ್ಲಿ ಹಳೆಯ ನಡಾವಳಿ ಪುಸ್ತಕ ನೋಡಲು ಅನುಮತಿ ಕೇಳಿದಾಗ ಮೊದಲು ‘ಸದಸ್ಯರಿಗೆ ಮಾತ್ರ’ ಎಂದರು. ಸದಸ್ಯನೇ ಎಂದು ತೋರಿಸಿದ ಮೇಲೆ ‘ಹಿಂದಿನ ಸಮಿತಿಯವರ ಹತ್ತಿರ ಇರಬೇಕು’ ಎಂದರು. ಹಿಂದಿನ ಸಮಿತಿಯವರು ಅದಕ್ಕೂ ಹಿಂದಿನವರನ್ನು ತೋರಿಸಿದರು. ಮತ್ತೊಂದು ಸಂಘ ವಾರ್ಷಿಕೋತ್ಸವಕ್ಕೆ ದಪ್ಪ ಸ್ಮರಣ ಸಂಚಿಕೆ ತಂದಿತು. ಅದರಲ್ಲಿ ಸಂಘದ ಇತಿಹಾಸಕ್ಕೆ ಸಿಕ್ಕಿದ್ದು ಅರ್ಧ ಪುಟ, ಅದೂ ಅಧ್ಯಕ್ಷರ ಹೆಸರುಗಳ ಪಟ್ಟಿ. ಸದಸ್ಯರು ಏನನ್ನು ಕಂಡುಹಿಡಿದರು, ಯಾವ ವಿಷಯಕ್ಕೆ ವಾದ ಮಾಡಿದರು, ಯಾವ ನಕಲಿಯನ್ನು ಬಯಲಿಗೆಳೆದರು ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಒಂದು ಠಸ್ಸೆಯ ದಿನಾಂಕವನ್ನು ಗಟ್ಟಿ ಮಾಡಿಕೊಳ್ಳಲು ವರ್ಷಗಟ್ಟಲೆ ಹುಡುಕುವ ಜನ ನಾವು. ನಮ್ಮ ಸಂಘ ಮೊದಲ ಸಭೆ ಸೇರಿದ್ದು ಯಾವತ್ತು, ಆ ದಿನ ಯಾರು ಬಂದಿದ್ದರು ಎಂದು ಕೇಳಿದರೆ ಉತ್ತರ ಇಲ್ಲ. ಇದು ನನಗೆ ನಿಜಕ್ಕೂ ನೋವು ಕೊಡುವ ಸಂಗತಿ.

ಈ ಪರಂಪರೆ ಸಣ್ಣದಲ್ಲ. ಜಗತ್ತಿನ ಮೊದಲ ಅಂಟು ಅಂಚೆಚೀಟಿ ಪೆನ್ನಿ ಬ್ಲ್ಯಾಕ್ ಬಳಕೆಗೆ ಬಂದದ್ದು 1840ರ ಮೇ 6ರಂದು. ಮೂವತ್ತು ವರ್ಷ ತುಂಬುವ ಮೊದಲೇ, 1869ರಲ್ಲಿ, ಲಂಡನ್ನಿನಲ್ಲಿ ಫಿಲಾಟೆಲಿಕ್ ಸೊಸೈಟಿ, ಎಂದರೆ ಅಂಚೆಚೀಟಿ ಸಂಘ, ಹುಟ್ಟಿತು. 1906ರಲ್ಲಿ ಅದರ ಹೆಸರಿಗೆ ‘ರಾಯಲ್’ ಸೇರಿತು. ಅಮೆರಿಕದ ರಾಷ್ಟ್ರೀಯ ಸಂಘ 1886ರದು. ನಮ್ಮಲ್ಲಿ ಫಿಲಾಟೆಲಿಕ್ ಸೊಸೈಟಿ ಆಫ್ ಇಂಡಿಯಾ ಸ್ಥಾಪನೆಯಾದದ್ದು 1897ರಲ್ಲಿ. ಸಿಂಧ್ ಪ್ರಾಂತ್ಯದಲ್ಲಿ ಅಲ್ಲಿನ ಕಮಿಷನರ್ ಬಾರ್ಟಲ್ ಫ್ರೇರ್ 1852ರ ಜುಲೈ 1ರಂದು ಜಾರಿಗೆ ತಂದ ಅರ್ಧ ಆಣೆಯ ಸಿಂಧ್ ಡಾಕ್ ಚೀಟಿಗಳು, 1854ರಲ್ಲಿ ಕಲ್ಕತ್ತೆಯ ಸರ್ವೇ ಕಚೇರಿಯಲ್ಲಿ ಕ್ಯಾಪ್ಟನ್ ಥುಲಿಯರ್ ಉಸ್ತುವಾರಿಯಲ್ಲಿ ಕಲ್ಲಚ್ಚಿನಲ್ಲಿ ಮುದ್ರಿಸಿದ ಚೀಟಿಗಳು ಆಗಿನ್ನೂ ಒಂದು ತಲೆಮಾರಿನ ನೆನಪಿನಲ್ಲಿದ್ದವು. ಆ ಕೆಲಸ ನೋಡಿದವರು ಬದುಕಿರುವಾಗಲೇ, ಸರ್ಕಾರಿ ಕಡತಗಳು ಕೈಗೆಟುಕುವಾಗಲೇ ಅಧ್ಯಯನ ಶುರುವಾದದ್ದು ನಮ್ಮ ಭಾಗ್ಯ.

ಆ ಮೊದಲ ದಶಕದ ಕೆಲಸವನ್ನು ನೋಡಿ. ಲಾಹೋರಿನ ಡಿ. ಪಿ. ಮ್ಯಾಸನ್ ಜಮ್ಮು ಮತ್ತು ಕಾಶ್ಮೀರದ ಅಂಚೆಚೀಟಿಗಳ ಗೋಜಲಿಗೆ ಕೈಹಾಕಿದರು. 1866ರಿಂದ ಕೈಯಲ್ಲೇ ಒತ್ತಿ ತೆಗೆದ ಆ ಚೀಟಿಗಳಲ್ಲಿ ಅಸಲು ಯಾವುದು, ಆಮೇಲೆ ಒತ್ತಿದ್ದು ಯಾವುದು, ಪೂರ್ತಿ ನಕಲಿ ಯಾವುದು ಎಂದು ಬಿಡಿಸುವುದು ಇವತ್ತಿಗೂ ತಲೆನೋವಿನ ಕೆಲಸ. 1907ರಲ್ಲಿ ಹೌಸ್‌ಬರ್ಗ್, ಸ್ಟೀವರ್ಟ್-ವಿಲ್ಸನ್, ಕ್ರಾಫ್ಟನ್ ಮೂವರೂ ಸೇರಿ ಬ್ರಿಟಿಷ್ ಇಂಡಿಯಾದ ಅಂಚೆ ಮತ್ತು ತಂತಿ ಚೀಟಿಗಳ ಮೇಲೆ ಬರೆದ ಗ್ರಂಥ ಸೊಸೈಟಿಯ ಪರವಾಗಿ ಹೊರಬಂತು. ಸ್ಟೀವರ್ಟ್-ವಿಲ್ಸನ್ ಅಂಚೆ ಇಲಾಖೆಯಲ್ಲಿ ಮಹಾನಿರ್ದೇಶಕರ ಹುದ್ದೆಯವರೆಗೆ ಏರಿದವರು. ಅಧಿಕಾರಿಯೊಬ್ಬ ಹವ್ಯಾಸಿಯೂ ಆಗಿದ್ದರಿಂದ, ಹವ್ಯಾಸಿಗಳೆಲ್ಲ ಒಂದು ಸಂಘದಲ್ಲಿ ಕೂಡಿದ್ದರಿಂದ ಆ ಕೆಲಸ ಸಾಧ್ಯವಾಯಿತು. ಅವರ ತೀರ್ಮಾನಗಳು ಪುಸ್ತಕದಲ್ಲಿವೆ. ಆ ತೀರ್ಮಾನಕ್ಕೆ ಬರುವ ಮೊದಲು ಅವರು ಪರಸ್ಪರ ಕೇಳಿಕೊಂಡ ಪ್ರಶ್ನೆ, ಒಪ್ಪದೆ ಕೈಬಿಟ್ಟ ಊಹೆ, ತೋರಿಸಿದ ಪ್ರತಿ ಇವೆಲ್ಲ ಇರುವುದು ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿ, ಸಭೆಯ ನಡಾವಳಿಗಳಲ್ಲಿ.

ಪುಸ್ತಕವೇ ಇರುವಾಗ ನಡಾವಳಿ ಯಾಕೆ ಎಂದು ನನ್ನನ್ನು ಒಬ್ಬ ಪದಾಧಿಕಾರಿ ಕೇಳಿದ್ದುಂಟು. ಇದಕ್ಕೆ ಉತ್ತರ ನಮ್ಮ ಹವ್ಯಾಸದ ಒಳಗೇ ಇದೆ. ಒಂದು ಅಪರೂಪದ ಕವರು ಮಾರಾಟಕ್ಕೆ ಬಂತು ಎಂದುಕೊಳ್ಳಿ. ಅದರ ಮೇಲಿನ ಚೀಟಿ ಮೊದಲಿನಿಂದಲೂ ಅಲ್ಲಿತ್ತೋ, ಆಮೇಲೆ ಯಾರಾದರೂ ಅಂಟಿಸಿ ಠಸ್ಸೆಯ ಗೆರೆಯನ್ನು ಕೈಯಲ್ಲಿ ಮುಂದುವರಿಸಿದರೋ? ಹಿಂದೆ ಯಾವುದೋ ಸಭೆಯಲ್ಲಿ ಸದಸ್ಯರೊಬ್ಬರು ಅದೇ ಕವರನ್ನು ತೋರಿಸಿದ್ದರು, ಅದರ ಮೇಲೆ ಎರಡು ಚೀಟಿ ಇದ್ದವು ಎಂದು ನಡಾವಳಿಯಲ್ಲಿ ಬರೆದಿದ್ದರೆ, ಇವತ್ತು ಮೂರು ಚೀಟಿ ಹೊತ್ತು ಬಂದ ಕವರಿನ ಬಣ್ಣ ಬಯಲಾಗುತ್ತದೆ. ಎಕ್ಸ್‌ಚೇಂಜ್ ಪ್ಯಾಕೆಟ್ಟಿನ ರಿಜಿಸ್ಟರೂ ಹೀಗೆಯೇ. ಯಾವ ಚೀಟಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದು ಅಲ್ಲಿ ಸಹಿ ಸಮೇತ ಇರುತ್ತದೆ. 1854ರ ನಾಲ್ಕು ಆಣೆ ಚೀಟಿಯನ್ನೇ ತೆಗೆದುಕೊಳ್ಳಿ. ಚೌಕಟ್ಟು ಕೆಂಪು, ತಲೆ ನೀಲಿ. ಎರಡೂ ಬೇರೆ ಬೇರೆ ಸಲ ಮುದ್ರಣವಾದದ್ದು. ಹಾಳೆ ತಿರುಗಾಮುರುಗಾ ಆಗಿ ತಲೆಕೆಳಗಾದ ರಾಣಿಯ ಪ್ರತಿಗಳು ಜಗತ್ತಿನ ಅತಿ ದುಬಾರಿ ಚೀಟಿಗಳ ಸಾಲಿನಲ್ಲಿವೆ. ಇಂಥ ಚೀಟಿಯ ವಿಷಯದಲ್ಲಿ ಹಿಂದಿನ ಒಡೆಯರು ಯಾರೆಂಬ ಸರಪಳಿ ಗಟ್ಟಿಯಿದ್ದಷ್ಟೂ ನಂಬಿಕೆ ಗಟ್ಟಿ. ಆ ಸರಪಳಿಯ ಕೊಂಡಿಗಳು ನಿಮ್ಮ ಬೀರುಗಳಲ್ಲಿವೆ.

ಮಾರುಕಟ್ಟೆಗೆ ಸಂಬಂಧವೇ ಇಲ್ಲದ ಪ್ರಶ್ನೆಗಳೂ ಇವೆ. ಮೊದಲ ದಿನಗಳಲ್ಲಿ ಎದ್ದು ಕಾಣುವ ಹೆಸರುಗಳೆಲ್ಲ ಬ್ರಿಟಿಷರವು. ಭಾರತೀಯರು ಈ ಸಂಘಗಳಿಗೆ ಯಾವಾಗ, ಯಾರ ಶಿಫಾರಸಿನ ಮೇಲೆ ಸೇರಿದರು? ಯಾರ ಅರ್ಜಿಯನ್ನು ತಿರಸ್ಕರಿಸಿದರು? ಮೊದಲ ಮಹಿಳಾ ಸದಸ್ಯೆ ಯಾರು? 1947ರಲ್ಲಿ ಲಾಹೋರ್, ಕರಾಚಿ, ಢಾಕಾಗಳ ಸದಸ್ಯರು ಏನಾದರು, ಅವರ ಸಂಗ್ರಹಗಳು ಗಡಿ ದಾಟಿದವೇ? ಸದಸ್ಯರ ಪಟ್ಟಿ, ಚಂದಾ ಪುಸ್ತಕ, ವಿಳಾಸ ಬದಲಾವಣೆಯ ಕಾರ್ಡು ಇವಿಷ್ಟು ಸಿಕ್ಕಿದರೂ ನಮ್ಮ ಸಮಾಜದ ಒಂದು ಚರಿತ್ರೆಯನ್ನೇ ಬರೆಯಬಹುದು. ಬೇರೆ ಯಾವ ಸರ್ಕಾರಿ ಕಡತದಲ್ಲೂ ಇದು ಸಿಗುವುದಿಲ್ಲ.

ಮೈಸೂರು ಅಂಚೆಯ ವಿಷಯ ಹೇಳದೆ ನನ್ನಿಂದ ಮುಂದೆ ಹೋಗಲಾಗದು. ಚಿಕ್ಕದೇವರಾಜ ಒಡೆಯರ ಕಾಲದಿಂದ, 1672ರಿಂದ, ನಡೆದುಬಂದಿತು ಎನ್ನುವ ಆ ವ್ಯವಸ್ಥೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ವಿಲೀನವಾಯಿತು. ತಿರುವಾಂಕೂರು, ಕೊಚ್ಚಿ, ಹೈದರಾಬಾದುಗಳು ತಮ್ಮದೇ ಅಂಚೆಚೀಟಿ ಹೊರಡಿಸಿದವು, ಮೈಸೂರು ಹೊರಡಿಸಲಿಲ್ಲ. ಚೀಟಿ ಇಲ್ಲದ ಕಾರಣ ಸಾಮಾನ್ಯ ಕ್ಯಾಟಲಾಗುಗಳಲ್ಲಿ ಅದಕ್ಕೆ ಜಾಗವೇ ಇಲ್ಲ. ಉಳಿದಿರುವ ಕಾಗದಗಳ ಮೇಲಿನ ಮೊಹರುಗಳನ್ನು ಒಂದೊಂದಾಗಿ ಕೂಡಿಹಾಕಿ, ಹೋಲಿಸಿ, ಆಸಕ್ತರು ಸಂಘಗಳ ಪತ್ರಿಕೆಗಳಲ್ಲಿ ಬರೆದ ಟಿಪ್ಪಣಿಗಳೇ ಅದರ ಅಧ್ಯಯನಕ್ಕೆ ಆಧಾರ. ಇಂಥ ಪತ್ರಿಕೆಗಳು ಅಚ್ಚಾಗುತ್ತಿದ್ದದ್ದು ಸದಸ್ಯರಿಗೆ ಬೇಕಾದಷ್ಟೇ ಪ್ರತಿ. ಅಷ್ಟೂ ಪ್ರತಿಗಳು ಹೋದರೆ ಕನ್ನಡನಾಡಿನ ಅಂಚೆ ಚರಿತ್ರೆಯ ಒಂದು ಅಧ್ಯಾಯವನ್ನು ಮೊದಲಿಂದ ಬರೆಯಬೇಕು, ಅದೂ ಅಷ್ಟರಲ್ಲಿ ಚದುರಿಹೋಗಿರುವ ಕಾಗದಗಳನ್ನು ಇಟ್ಟುಕೊಂಡು.

ವಿಮಾನ ಅಂಚೆಯದೂ ಇದೇ ಪರಿಸ್ಥಿತಿ. 1911ರ ಫೆಬ್ರುವರಿ 18ರಂದು ಹೆನ್ರಿ ಪೆಕೆ ಎಂಬ ಫ್ರೆಂಚ್ ವಿಮಾನಿ ಅಲಹಾಬಾದಿನಿಂದ ನೈನಿಗೆ ಸುಮಾರು 6,500 ಪತ್ರಗಳನ್ನು ಹೊತ್ತು ಹಾರಿದ್ದು ಎಲ್ಲರಿಗೂ ಗೊತ್ತು. ಆದರೆ 1930ರ ದಶಕದಲ್ಲಿ ರಾಕೆಟ್ಟಿನಲ್ಲಿ ಅಂಚೆ ಕಳಿಸುವ ಪ್ರಯೋಗಗಳನ್ನು ಕೈಗೊಂಡ ಕಲ್ಕತ್ತೆಯ ಸ್ಟೀಫನ್ ಸ್ಮಿತ್ ಇಂಡಿಯನ್ ಏರ್‌ಮೇಲ್ ಸೊಸೈಟಿಯ ಕಾರ್ಯದರ್ಶಿಯೂ ಆಗಿದ್ದರು ಎಂಬುದು ಎಷ್ಟು ಜನರಿಗೆ ಗೊತ್ತು? 1935ರಲ್ಲಿ ಸಿಕ್ಕಿಂನಲ್ಲಿ ಅವರ ರಾಕೆಟ್ಟುಗಳು ನದಿ ದಾಟಿದವು. ಭಾರತ ಸರ್ಕಾರ 1992ರಲ್ಲಿ ಅವರ ನೆನಪಿಗೆ ಅಂಚೆಚೀಟಿ ತಂದಿತು. ಒಬ್ಬ ಸಂಘದ ಕಾರ್ಯದರ್ಶಿ ಈ ದೇಶದ ರಾಕೆಟ್ ಚರಿತ್ರೆಯ ಮೊದಲ ಪುಟಗಳಲ್ಲಿ ಇದ್ದಾರೆ. ನಿಮ್ಮ ಹಳೆಯ ಫೈಲುಗಳಲ್ಲಿ ಇನ್ನೂ ಯಾರಿದ್ದಾರೋ!

ಬೇರೆಡೆ ಇದನ್ನು ಹೇಗೆ ಉಳಿಸಿಕೊಂಡರು ಎನ್ನುವುದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ಒಂದಿದೆ. ಅಮೆರಿಕದ ಸಂಘದ ಮೊದಲ ಅಧ್ಯಕ್ಷ ಜಾನ್ ಟಿಫನಿ ಅಂಚೆಚೀಟಿಗಳಷ್ಟೇ ಆಸ್ಥೆಯಿಂದ ಅವುಗಳ ಸಾಹಿತ್ಯವನ್ನೂ ಕೂಡಿಟ್ಟರು. ಪತ್ರಿಕೆ, ಬೆಲೆಪಟ್ಟಿ, ಕರಪತ್ರ ಯಾವುದನ್ನೂ ಎಸೆಯಲಿಲ್ಲ. ಅವರ ನಂತರ ಆ ಇಡೀ ಗ್ರಂಥಾಲಯವನ್ನು ಬ್ರಿಟನ್ನಿನ ಅರ್ಲ್ ಆಫ್ ಕ್ರಾಫರ್ಡ್ ಕೊಂಡು, ಬೆಳೆಸಿ, 1913ರಲ್ಲಿ ತೀರಿಕೊಂಡಾಗ ಬ್ರಿಟಿಷ್ ಮ್ಯೂಸಿಯಂಗೆ ಬಿಟ್ಟುಹೋದರು. ಈಗ ಅದು ಬ್ರಿಟಿಷ್ ಲೈಬ್ರರಿಯಲ್ಲಿದೆ, ಕಂಪ್ಯೂಟರಿನಲ್ಲೂ ಓದಲು ಸಿಗುತ್ತದೆ. ಕ್ರಾಫರ್ಡ್ ಆಗ ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯ ಅಧ್ಯಕ್ಷರಾಗಿದ್ದರು. ಇಬ್ಬರು ಅಧ್ಯಕ್ಷರು ಇದು ತಮ್ಮ ಹೊಣೆ ಎಂದುಕೊಂಡರು. ಹತ್ತೊಂಬತ್ತನೇ ಶತಮಾನದ ಅಂಚೆಚೀಟಿ ಸಾಹಿತ್ಯ ಉಳಿಯಿತು.

ನಮ್ಮಲ್ಲಿ ಇದಕ್ಕೆ ಅಡ್ಡಿ ಏನು ಎಂದು ಕೇಳಿದಾಗ ಬಂದ ಉತ್ತರಗಳನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಸದಸ್ಯರ ವಿಳಾಸ ಹೊರಬಿದ್ದರೆ ಕಳ್ಳತನದ ಭಯ ಎನ್ನುತ್ತಾರೆ. ಈ ಭಯಕ್ಕೆ ಅರ್ಥವಿದೆ. ಹಾಗಾದರೆ ಈಗಿನ ಸದಸ್ಯರ ವಿವರಗಳನ್ನು ಮುಚ್ಚಿಡಿ, ಹಳೆಯ ಪಟ್ಟಿಗಳನ್ನು ಇಷ್ಟು ವರ್ಷಗಳ ಬಳಿಕ ತೆರೆಯುತ್ತೇವೆ ಎಂದು ನಿಯಮ ಮಾಡಿ. 1920ರ ವಿಳಾಸದಿಂದ ಇವತ್ತು ಯಾರಿಗೂ ಅಪಾಯವಿಲ್ಲ. ಹಳೆಯ ಲೇಖನಗಳಿಗೆ ಹಕ್ಕುಸ್ವಾಮ್ಯದ ತೊಡಕು ಎನ್ನುತ್ತಾರೆ. 1957ರ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. 1951ರಲ್ಲಿ ನಿಧನರಾದ ಸ್ಟೀಫನ್ ಸ್ಮಿತ್ ಬರೆದ ಲೇಖನಗಳ ಹಕ್ಕಿನ ಅವಧಿ ಎಂದೋ ಮುಗಿದಿದೆ. ಮೊದಲ ತಲೆಮಾರಿನ ಬಹಳಷ್ಟು ಬರಹಗಾರರ ವಿಷಯವೂ ಅಷ್ಟೇ. ಉಳಿದವರ ವಾರಸುದಾರರನ್ನು ಕೇಳಿದರೆ ಬೇಡ ಎನ್ನುವವರು ಕಡಿಮೆ. ತಂದೆಯ ಹೆಸರು ಉಳಿಯುತ್ತದೆಂದರೆ ಯಾರಿಗೆ ಸಂತೋಷವಾಗುವುದಿಲ್ಲ? ಇನ್ನು ದುಡ್ಡಿಲ್ಲ ಎನ್ನುವ ಮಾತು. ಪ್ರದರ್ಶನ, ವಿಶೇಷ ಕವರು, ಸ್ಮರಣ ಸಂಚಿಕೆಗಳಿಗೆ ಹಣ ಕೂಡುತ್ತದೆ. ಅದರಲ್ಲಿ ಒಂದು ಪಾಲು ಇದಕ್ಕೆ ಎತ್ತಿಡಬಹುದು.

ನಾನು ಒಪ್ಪದ ಉತ್ತರ ಒಂದೇ: ‘ಅದೆಲ್ಲ ಆಯಾ ಕಾರ್ಯದರ್ಶಿಯ ಸ್ವಂತ ಕಾಗದಗಳು.’ ಇದು ಸರಿಯಲ್ಲ. ನೋಂದಾಯಿತ ಸಂಘದ ನಡಾವಳಿ, ಲೆಕ್ಕಪತ್ರ, ಅದರ ಹೆಸರಿಗೆ ಬಂದ ಪತ್ರ ಸಂಘದ ಆಸ್ತಿ. 1860ರ ಸಂಘಗಳ ನೋಂದಣಿ ಕಾಯ್ದೆ ಈ ವಿಷಯದಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ಸಂಘವೇ ವಿಸರ್ಜನೆಯಾದರೂ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಹಾಜರಿದ್ದ ಸದಸ್ಯರ ಐದನೇ ಮೂರು ಭಾಗದ ಒಪ್ಪಿಗೆಯಿಂದ ಬೇರೊಂದು ಸಂಘಕ್ಕೆ ಕೊಡಬೇಕು. ಮುಚ್ಚಿಹೋಗುವ ಸಂಘದ ಆಸ್ತಿಯ ಬಗ್ಗೆಯೇ ಕಾನೂನಿಗೆ ಇಷ್ಟು ಕಾಳಜಿ ಇರುವಾಗ, ನಡೆಯುತ್ತಿರುವ ಸಂಘದ ಪುಸ್ತಕಗಳು ಒಬ್ಬರ ಮನೆಯಿಂದ ತೂಕಕ್ಕೆ ಹೋಗುವುದು ಹೇಗೆ ಸರಿ? ಇದೇ ಕಾಯ್ದೆಯಂತೆ ಆಡಳಿತ ಸಮಿತಿಯವರ ಹೆಸರಿನ ಪಟ್ಟಿಯನ್ನು ಪ್ರತಿ ವರ್ಷ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ತಮ್ಮ ಪ್ರತಿಗಳನ್ನು ಕಳೆದುಕೊಂಡ ಸಂಘಗಳು ಅಲ್ಲಿಂದಲಾದರೂ ಹುಡುಕಾಟ ಶುರುಮಾಡಬಹುದು.

ಆದ್ದರಿಂದ ನನ್ನ ಬೇಡಿಕೆಗಳು ಇವು. ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಿಸಿ. ಸಂಘದ ಯಾವ ಪುಸ್ತಕ, ಯಾವ ಫೈಲು ಯಾರ ಮನೆಯಲ್ಲಿದೆ ಎಂದು ಒಂದು ಪಟ್ಟಿ ಮಾಡಿ, ಇಟ್ಟುಕೊಂಡವರ ಸಹಿ ಪಡೆಯಿರಿ. ಪಟ್ಟಿಗೆ ಖರ್ಚಿಲ್ಲ, ಇಷ್ಟಾದರೂ ಅರ್ಧ ಕೆಲಸವಾದಂತೆ. ಹುದ್ದೆ ಬಿಡುವ ಕಾರ್ಯದರ್ಶಿ ಬ್ಯಾಂಕ್ ಪಾಸ್‌ಬುಕ್ಕಿನ ಜೊತೆಗೆ ಹಳೆಯ ಕಾಗದಗಳನ್ನೂ ಹಸ್ತಾಂತರಿಸಬೇಕೆಂದು ಬೈಲಾದಲ್ಲಿ ಬರೆಯಿರಿ. ಸದಸ್ಯರೊಬ್ಬರು ತೀರಿಕೊಂಡಾಗ ಸಂತಾಪ ಸೂಚಕ ನಿರ್ಣಯದ ಜೊತೆಗೆ ಇಬ್ಬರನ್ನು ಅವರ ಮನೆಗೆ ಕಳಿಸಿ. ಸಂಗ್ರಹವನ್ನು ಕೇಳಬೇಡಿ, ಅದು ಮನೆಯವರದು. ಟಿಪ್ಪಣಿ ಪುಸ್ತಕ, ಪತ್ರ, ಹಳೆಯ ಸಂಚಿಕೆಗಳನ್ನು ಕೇಳಿ ತನ್ನಿ.

ಪೂರ್ತಿ ಸರಣಿಯಲ್ಲಿ ಯಾವ ಸಂಚಿಕೆ ಯಾರ ಬಳಿ ಇದೆ, ಯಾವುದು ಎಲ್ಲೂ ಇಲ್ಲ ಎಂಬುದನ್ನು ಎಲ್ಲ ಸಂಘಗಳೂ ಸೇರಿ ಒಂದೇ ಪಟ್ಟಿಯಾಗಿ ಪ್ರಕಟಿಸಿ. 1950ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಇಂಡಿಯಾ ಸ್ಟಡಿ ಸರ್ಕಲ್‌ನಂಥ ಹೊರದೇಶದ ಸಂಘಗಳ ಸದಸ್ಯರ ಬಳಿಯೂ ನಮ್ಮ ಪತ್ರಿಕೆಗಳ ಪ್ರತಿಗಳು ಇರಬಹುದು, ಅವರನ್ನೂ ಕೇಳಿ. ಪುಟಗಳ ಚಿತ್ರ ತೆಗೆದು ಎಲ್ಲರಿಗೂ ಓದಲು ಬಿಡಿ. ಮೂಲ ಪ್ರತಿಗಳನ್ನು ಗೆದ್ದಲು, ತೇವ ತಾಗದ ಕಡೆ, ಸಾರ್ವಜನಿಕ ಗ್ರಂಥಾಲಯ ಅಥವಾ ದಾಖಲೆ ಭಂಡಾರದಲ್ಲಿ ಲಿಖಿತ ಒಪ್ಪಂದದ ಮೇಲೆ ಇಡಿ.

ಅಂಚೆ ಇಲಾಖೆಯ ಹಿರಿಯ ಅಧಿಕಾರಿಗಳಲ್ಲೂ ಒಂದು ವಿನಂತಿ. ನವದೆಹಲಿಯ ಡಾಕ್ ಭವನದಲ್ಲಿ 1968ರಿಂದ ರಾಷ್ಟ್ರೀಯ ಅಂಚೆಚೀಟಿ ಸಂಗ್ರಹಾಲಯವಿದೆ. ಅಲ್ಲಿ ಚೀಟಿಗಳಿಗೆ ಜಾಗವಿರುವಂತೆ, ಆ ಚೀಟಿಗಳನ್ನು ಓದುವುದು ಹೇಗೆಂದು ನಮಗೆ ಕಲಿಸಿದ ಸಂಘಗಳ ಕಾಗದಗಳಿಗೂ ಒಂದು ವಿಭಾಗ ತೆರೆಯಿರಿ. ಕೊಡಲು ಸಿದ್ಧರಿರುವ ಕುಟುಂಬಗಳಿವೆ. ಯಾರಿಗೆ ಕೊಡಬೇಕೆಂದು ಅವರಿಗೆ ಗೊತ್ತಿಲ್ಲ.

ನನ್ನ ಬಳಿ ಉಳಿದಿರುವ ಹಳೆಯ ಸಂಚಿಕೆಗಳ ಪಟ್ಟಿ ಸಿದ್ಧವಿದೆ. ಯಾವ ಸಂಘ ಮೊದಲು ಈ ಕೆಲಸಕ್ಕೆ ಕೈಹಾಕುತ್ತದೋ ಅದಕ್ಕೆ ಆ ಸಂಚಿಕೆಗಳನ್ನು ಚಿತ್ರ ತೆಗೆದುಕೊಳ್ಳಲು ಒಪ್ಪಿಸುತ್ತೇನೆ; ಸೂಚಿ ತಯಾರಿಸುವ ಕೆಲಸವನ್ನೂ ಸಂಬಳವಿಲ್ಲದೆ ಮಾಡಿಕೊಡುತ್ತೇನೆ. ನಿಮ್ಮ ಸಭೆಯ ತೀರ್ಮಾನವನ್ನು ನಿಮ್ಮ ಪತ್ರಿಕೆಯಲ್ಲೇ ಪ್ರಕಟಿಸಿ ಎಲ್ಲ ಸದಸ್ಯರಿಗೂ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸದಸ್ಯ